ಗೆದ್ದರೆ ನಮ್ಮವನು, ಸೋತರೆ ಪರದೇಶಿ

1948ರ ಜೂನ್ 22ರಂದು ಇಂಗ್ಲೆಂಡಿನ ಟಿಲ್ಬರಿ ಬಂದರಿನಲ್ಲಿ ‘ಎಂಪೈರ್ ವಿಂಡ್‌ರಶ್’ ಎಂಬ ಹಡಗಿನಿಂದ ಜನ ಇಳಿದರು. ಅವರಲ್ಲಿ ಸುಮಾರು 800 ಮಂದಿ ಜಮೈಕಾ, ಟ್ರಿನಿಡಾಡ್ ಮೊದಲಾದ ಕೆರಿಬಿಯನ್ ದ್ವೀಪಗಳವರು. ಯುದ್ಧದಿಂದ ಜರ್ಜರಿತವಾಗಿದ್ದ ಆ ದೇಶಕ್ಕೆ ದುಡಿಯುವ ಕೈಗಳು ಬೇಕಾಗಿದ್ದವು. ಇವರಿಗೆ ಕೆಲಸ ಬೇಕಾಗಿತ್ತು. ಸರಿಯಾಗಿ ಹದಿಮೂರು ದಿನಗಳ ನಂತರ, ಜುಲೈ 5ರಂದು, ಅದೇ ದೇಶದಲ್ಲಿ ರಾಷ್ಟ್ರೀಯ ಆರೋಗ್ಯ ಸೇವೆ ಆರಂಭವಾಯಿತು. ಬಡವ ಬಲ್ಲಿದ ಎನ್ನದೆ ಎಲ್ಲರಿಗೂ ಚಿಕಿತ್ಸೆ. ಆಸ್ಪತ್ರೆಯ ಬಾಗಿಲಲ್ಲಿ ಹಣ ಕೇಳುವಂತಿಲ್ಲ. ಮಾನವೀಯತೆಯ ದೃಷ್ಟಿಯಿಂದ ಕಳೆದ ಶತಮಾನದ ದೊಡ್ಡ ಕಾರ್ಯಗಳಲ್ಲಿ ಅದೂ ಒಂದು ಎಂದು ಹೇಳಲು ನನಗೆ ಸಂಕೋಚವಿಲ್ಲ.

ಆದರೆ ರೋಗಿಗಳ ಮಲಮೂತ್ರ ತೆಗೆಯುವವರು ಯಾರು? ರಾತ್ರಿಪಾಳಿಗೆ ನಿಲ್ಲುವವರು ಯಾರು? ಕೆರಿಬಿಯನ್ ದ್ವೀಪಗಳಿಂದ ಹೆಣ್ಣುಮಕ್ಕಳು ದಾದಿಯರಾಗಿ ಬಂದರು. ಐರ್ಲೆಂಡಿನಿಂದ, ಹೆಚ್ಚಿನವರು ನಮ್ಮದೇ ವಿಶ್ವಾಸದವರು, ಸಾವಿರಾರು ಮಂದಿ ಬಂದರು. ಅರುವತ್ತರ ದಶಕದಲ್ಲಿ ಭಾರತ, ಪಾಕಿಸ್ತಾನಗಳಿಂದ ವೈದ್ಯರು ಹೋದರು. ವೇಲ್ಸ್‌ನ ಗಣಿ ಕಣಿವೆಗಳು, ಕೈಗಾರಿಕಾ ನಗರಗಳ ಬಡ ಕೇರಿಗಳು, ವೃದ್ಧರ ಹಾಗೂ ಮಾನಸಿಕ ರೋಗಿಗಳ ವಾರ್ಡುಗಳು, ಹೀಗೆ ಅಲ್ಲಿಯ ವೈದ್ಯರು ಹೋಗಲು ಮನಸ್ಸು ಮಾಡದ ಸ್ಥಳಗಳಲ್ಲೆಲ್ಲ ನಮ್ಮ ದೇಶದ ವೈದ್ಯರು ಮೂವತ್ತು ನಾಲ್ವತ್ತು ವರ್ಷ ಸೇವೆ ಸಲ್ಲಿಸಿದರು.

ಈ ಚರಿತ್ರೆಯಲ್ಲಿ ಒಂದು ವಿಚಿತ್ರವಿದೆ. ಇನಾಕ್ ಪೊವೆಲ್ ಎಂಬ ರಾಜಕಾರಣಿ 1960ರಿಂದ 1963ರವರೆಗೆ ಅಲ್ಲಿಯ ಆರೋಗ್ಯ ಮಂತ್ರಿಯಾಗಿದ್ದರು. ಅವರ ಅಧಿಕಾರಾವಧಿಯಲ್ಲಿ ಆಸ್ಪತ್ರೆಗಳು ಹೊರದೇಶಗಳ ವೈದ್ಯರನ್ನೂ ದಾದಿಯರನ್ನೂ ಧಾರಾಳವಾಗಿ ಸೇರಿಸಿಕೊಂಡವು. ಅದೇ ಪೊವೆಲ್ 1968ರ ಏಪ್ರಿಲ್‌ನಲ್ಲಿ ಬರ್ಮಿಂಗ್‌ಹ್ಯಾಮ್‌ನಲ್ಲಿ ನಿಂತು, ವಲಸೆ ಬಂದವರಿಂದ ದೇಶಕ್ಕೆ ರಕ್ತಪಾತದ ಗಂಡಾಂತರ ಕಾದಿದೆ ಎಂಬರ್ಥದ ಭಾಷಣ ಮಾಡಿದರು. ಆಸ್ಪತ್ರೆಯ ಹಾಸಿಗೆಯ ಬಳಿ ಬೇಕಾದವರು ಬೀದಿಯಲ್ಲಿ ನೆರೆಮನೆಯವರಾಗಿ ಬೇಡವಾದರು. ಅವರೊಬ್ಬರನ್ನೇ ದೂರಿ ಪ್ರಯೋಜನವಿಲ್ಲ. ಮನೆಗೆಲಸದವಳ ಕೈಯ ಅಡುಗೆ ಉಂಡು, ಅವಳಿಗೆ ಬೇರೆ ಲೋಟ ಇಡುವ ಮನೆಗಳು ನಮ್ಮಲ್ಲಿ ಇಲ್ಲವೇ?

ಕ್ರೀಡೆಯ ಕಡೆಗೆ ಬರೋಣ. 2012ರ ಲಂಡನ್ ಒಲಿಂಪಿಕ್ಸ್‌ನ ಉದ್ಘಾಟನೆಯನ್ನು ಟಿ.ವಿ.ಯಲ್ಲಿ ನೋಡಿದವರಿಗೆ ನೆನಪಿರಬಹುದು. ಮೈದಾನದ ತುಂಬ ಆಸ್ಪತ್ರೆಯ ಮಂಚಗಳು. ಅವುಗಳ ಸುತ್ತ ನಿಜವಾದ ನರ್ಸುಗಳೇ ಕುಣಿದರು. ವಿಂಡ್‌ರಶ್ ಹಡಗಿನಿಂದ ಇಳಿದವರ ದೃಶ್ಯವೂ ಅದರಲ್ಲಿತ್ತು. ಆ ಕಾರ್ಯಕ್ರಮವನ್ನು ರೂಪಿಸಿದ ಚಲನಚಿತ್ರ ನಿರ್ದೇಶಕ ಡ್ಯಾನಿ ಬಾಯ್ಲ್ ಐರಿಷ್ ಕಥೋಲಿಕ ಮನೆತನದ ಮಗ. ‘ನಾವು ಯಾರು’ ಎಂದು ಲೋಕಕ್ಕೆ ತೋರಿಸಬೇಕಾದಾಗ ಒಂದು ಪುರಾತನ ರಾಷ್ಟ್ರ ತನ್ನ ರಾಜರುಗಳ ಜೊತೆಗೆ ತನ್ನ ದಾದಿಯರನ್ನೂ ವಲಸಿಗರನ್ನೂ ಮುಂದೆ ನಿಲ್ಲಿಸಿತು.

ಎಂಟು ದಿನಗಳ ಬಳಿಕ, ಆಗಸ್ಟ್ 4ರ ಸಂಜೆ, ಅದೇ ಮೈದಾನದಲ್ಲಿ ಬ್ರಿಟನ್ನಿನ ಮೂವರು ಕ್ರೀಡಾಪಟುಗಳು ಒಂದು ಗಂಟೆಯೊಳಗೆ ಚಿನ್ನ ಗೆದ್ದರು. ಒಬ್ಬಳು ಜೆಸಿಕಾ ಎನಿಸ್, ತಂದೆ ಜಮೈಕಾದವರು. ಇನ್ನೊಬ್ಬ ಹತ್ತು ಸಾವಿರ ಮೀಟರ್ ಓಟದ ಮೊ ಫರಾ. ಹುಟ್ಟಿದ್ದು ಆಫ್ರಿಕದ ಸೊಮಾಲಿ ನಾಡಿನಲ್ಲಿ. ಆತನ ಹೆಸರನ್ನು ಇಡೀ ದೇಶ ಕೂಗಿತು. ರಾಣಿ ಮುಂದೆ ಆತನಿಗೆ ‘ಸರ್’ ಪದವಿಯನ್ನೂ ಕೊಟ್ಟರು.

2022ರಲ್ಲಿ ಮೊ ಫರಾ ಒಂದು ಸತ್ಯ ಹೊರಗೆಡವಿದರು. ಅವರ ನಿಜವಾದ ಹೆಸರು ಹುಸೇನ್ ಅಬ್ದಿ ಕಾಹಿನ್. ತಂದೆ ಯುದ್ಧದಲ್ಲಿ ಸತ್ತಿದ್ದರು. ಒಂಬತ್ತು ವರ್ಷದ ಆಸುಪಾಸಿನಲ್ಲಿ ಅವರನ್ನು ಇನ್ನೊಂದು ಮಗುವಿನ ಹೆಸರಿನ ಕಾಗದಪತ್ರದಲ್ಲಿ ಇಂಗ್ಲೆಂಡಿಗೆ ಸಾಗಿಸಲಾಗಿತ್ತು. ಅಲ್ಲಿ ಒಂದು ಮನೆಯಲ್ಲಿ ಕೆಲಸದ ಆಳಾಗಿ, ಸಣ್ಣ ಮಕ್ಕಳನ್ನು ನೋಡಿಕೊಳ್ಳುತ್ತ ಬೆಳೆದರು. ಕೊನೆಗೆ ಶಾಲೆಯ ವ್ಯಾಯಾಮ ಶಿಕ್ಷಕರೊಬ್ಬರ ಬಳಿ ಬಾಯಿಬಿಟ್ಟಾಗ ಆ ಗುರು ಕೈಹಿಡಿದು ಮೇಲೆತ್ತಿದರು. ಕಾನೂನಿನ ಪ್ರಕಾರ ಇವರ ಪೌರತ್ವವನ್ನೇ ಪ್ರಶ್ನಿಸಬಹುದಿತ್ತು. ಅಂಥ ಕ್ರಮವೇನನ್ನೂ ಕೈಗೊಳ್ಳುವುದಿಲ್ಲ ಎಂದು ಸರಕಾರ ಕೂಡಲೇ ತಿಳಿಸಿತು. ಒಳ್ಳೆಯದೇ ಆಯಿತು. ಆದರೆ ಇಲ್ಲಿ ನಾವು ಸ್ವಲ್ಪ ನಿಂತು ಯೋಚಿಸಬೇಕು. ಅದೇ ರೀತಿ ಸಾಗಿಸಲ್ಪಟ್ಟು, ಅದೇ ರೀತಿ ಪಾತ್ರೆ ತೊಳೆದು, ಆದರೆ ವೇಗವಾಗಿ ಓಡಲು ಬಾರದ ಇನ್ನೊಬ್ಬ ಹುಡುಗನಿಗೆ ಏನು ಉತ್ತರ ಸಿಗುತ್ತಿತ್ತು?

ಆ ಹುಡುಗನ ಪ್ರಶ್ನೆಯೇ ಈ ಲೇಖನದ ವಿಷಯ.

2021ರ ಜುಲೈ 11ರ ರಾತ್ರಿ ಯುರೋಪಿನ ಫುಟ್ಬಾಲ್ ಫೈನಲ್‌ನಲ್ಲಿ ಇಂಗ್ಲೆಂಡ್ ತಂಡ ಇಟಲಿಯ ವಿರುದ್ಧ ಪೆನಾಲ್ಟಿ ಒದೆತಗಳಲ್ಲಿ ಸೋತಿತು. ಗುರಿ ತಪ್ಪಿದ ಮೂವರು ರ‍್ಯಾಶ್‌ಫರ್ಡ್, ಸಾಂಚೊ ಮತ್ತು ಸಾಕಾ. ಮೂವರೂ ಇಂಗ್ಲೆಂಡಿನಲ್ಲೇ ಹುಟ್ಟಿದವರು, ಮೂವರೂ ಕಪ್ಪು ಜನಾಂಗದವರು. ಸಾಕಾನಿಗೆ ಆಗ ಬರೀ ಹತ್ತೊಂಬತ್ತು ವರ್ಷ. ಪಂದ್ಯ ಮುಗಿದು ಗಂಟೆ ಕಳೆಯುವುದರೊಳಗೆ ಅವರ ಮೇಲೆ ಅಸಹ್ಯವಾದ ಜನಾಂಗ ನಿಂದನೆಯ ಮಳೆ ಸುರಿಯಿತು. ಹಿಂದಿನ ವರ್ಷವಷ್ಟೇ ಇದೇ ರ‍್ಯಾಶ್‌ಫರ್ಡ್, ಬಡಮಕ್ಕಳಿಗೆ ಶಾಲಾ ರಜೆಯಲ್ಲೂ ಊಟ ಸಿಗುವಂತೆ ಹೋರಾಡಿ ಸರಕಾರವನ್ನೇ ಮಣಿಸಿದ್ದ. ಅದನ್ನು ಮೆಚ್ಚಿ ಮ್ಯಾಂಚೆಸ್ಟರಿನ ಗೋಡೆಯೊಂದರ ಮೇಲೆ ಬರೆದಿದ್ದ ಅವನ ಚಿತ್ರಕ್ಕೂ ಯಾರೋ ಮಸಿ ಬಳಿದರು. ನೆರೆಹೊರೆಯವರು ಸುಮ್ಮನಿರಲಿಲ್ಲ ಎಂಬುದನ್ನೂ ಹೇಳಬೇಕು. ಮಕ್ಕಳೂ ಮುದುಕರೂ ಬಂದು ಪ್ರೀತಿಯ ಚೀಟಿಗಳನ್ನು ಅಂಟಿಸಿ ಆ ಗೋಡೆಯನ್ನೇ ಮುಚ್ಚಿಬಿಟ್ಟರು.

ಜರ್ಮನಿಯಲ್ಲೂ ಇಂಥದೇ ಮಾತು ಕೇಳಿಬಂದಿತ್ತು. ತುರ್ಕಿ ಮೂಲದ ಮೆಸುಟ್ ಓಝಿಲ್ 2014ರಲ್ಲಿ ಜರ್ಮನಿಗೆ ವಿಶ್ವಕಪ್ ಗೆದ್ದುಕೊಟ್ಟ ತಂಡದಲ್ಲಿದ್ದ. 2018ರಲ್ಲಿ ಅವನು ತುರ್ಕಿಯ ಅಧ್ಯಕ್ಷರೊಡನೆ ಫೋಟೊ ತೆಗೆಸಿಕೊಂಡದ್ದು ದೊಡ್ಡ ವಿವಾದವಾಯಿತು. ಆ ವರ್ಷ ತಂಡವೂ ಸೋತಿತು. ಗೆದ್ದಾಗ ತನ್ನನ್ನು ಜರ್ಮನ್ ಎನ್ನುತ್ತಾರೆ, ಸೋತಾಗ ವಲಸಿಗ ಎನ್ನುತ್ತಾರೆ ಎಂದು ಹೇಳಿ ಅವನು ರಾಷ್ಟ್ರೀಯ ತಂಡವನ್ನೇ ಬಿಟ್ಟ. ಆ ಫೋಟೊ ತೆಗೆಸಿಕೊಂಡದ್ದು ಸರಿಯೇ ಎಂಬುದು ಬೇರೆ ಚರ್ಚೆ. ಅವನ ಮಾತಿನಲ್ಲಿ ಹುರುಳಿಲ್ಲ ಎನ್ನಲಾಗದು.

ನಮ್ಮ ಭಾಷೆಯಲ್ಲಿ ‘ಪರದೇಶಿ’ ಎಂಬ ಮಾತಿಗೆ ಎರಡು ಅರ್ಥ. ಒಂದು, ಬೇರೆ ದೇಶದವನು. ಇನ್ನೊಂದು, ಹಿಂದೆ ಮುಂದೆ ಯಾರೂ ಇಲ್ಲದವನು. ತಂದೆತಾಯಿ ತೀರಿಕೊಂಡ ಮಗುವನ್ನು ಕಂಡು ನಮ್ಮ ಅಜ್ಜಿಯಂದಿರು “ಅಯ್ಯೋ, ಪರದೇಶಿ ಆಗಿಹೋಯ್ತಲ್ಲ ಮಗು” ಎಂದು ಮರುಗುತ್ತಿದ್ದರು. ಪವಿತ್ರ ಗ್ರಂಥವೂ ಈ ಎರಡನ್ನು ಬೇರೆ ಮಾಡುವುದಿಲ್ಲ. ಹಳೆಯ ಒಡಂಬಡಿಕೆಯಲ್ಲಿ ಪರದೇಶಿ, ಅನಾಥ, ವಿಧವೆ ಈ ಮೂವರ ಹೆಸರು ಮತ್ತೆ ಮತ್ತೆ ಒಟ್ಟಿಗೇ ಬರುತ್ತದೆ. ಹೊಲ ಕೊಯ್ಯುವಾಗ ಮರೆತು ಬಿಟ್ಟ ಸಿವುಡು ಅವರದು. ಹಕ್ಕಲು ತೆನೆ ಅವರದು. ಹಾಗೆ ಹಕ್ಕಲಾಯಲು ಬೆತ್ಲೆಹೇಮಿನ ಹೊಲಕ್ಕೆ ಹೋದ ಮೋವಾಬ್ ದೇಶದ ರೂತಳು ದಾವೀದನ ಮುತ್ತಜ್ಜಿಯಾದಳು; ಸಂತ ಮತ್ತಾಯರು ಪ್ರಭುವಿನ ವಂಶಾವಳಿಯಲ್ಲಿ ಅವಳ ಹೆಸರನ್ನು ಬಿಡದೆ ಬರೆದರು.

ವಲಸಿಗರ ಪರವಾಗಿ ಮಾತನಾಡುವ ಸಜ್ಜನರು ಸಾಮಾನ್ಯವಾಗಿ ಒಂದು ವಾದ ಹೂಡುತ್ತಾರೆ. ಅವರು ನಮಗೆ ಪದಕ ತರುತ್ತಾರೆ, ಆಸ್ಪತ್ರೆ ನಡೆಸುತ್ತಾರೆ, ನಮ್ಮ ಊಟ ಸಂಗೀತಗಳಿಗೆ ಹೊಸ ರುಚಿ ಕೊಡುತ್ತಾರೆ, ಆದ್ದರಿಂದ ಅವರನ್ನು ಸ್ವಾಗತಿಸಬೇಕು ಎಂಬುದು ಆ ವಾದ. 2019ರ ಕ್ರಿಕೆಟ್ ವಿಶ್ವಕಪ್ ಗೆದ್ದ ಇಂಗ್ಲೆಂಡ್ ತಂಡವನ್ನು ಉದಾಹರಣೆ ಕೊಡುತ್ತಾರೆ. ನಾಯಕ ಮಾರ್ಗನ್ ಡಬ್ಲಿನ್‌ನವರು, ಸ್ಟೋಕ್ಸ್ ಹುಟ್ಟಿದ್ದು ಅಂದು ಸೋತ ನ್ಯೂಜಿಲೆಂಡಿನಲ್ಲೇ, ಸೂಪರ್ ಓವರ್ ಎಸೆದ ಆರ್ಚರ್ ಬಾರ್ಬಡೋಸ್‌ನವರು. ಐರಿಷ್ ಅದೃಷ್ಟ ನಿಮ್ಮ ಕೈಹಿಡಿಯಿತೇ ಎಂದು ಪತ್ರಕರ್ತರು ಕೇಳಿದಾಗ, ಅಲ್ಲಾಹನೂ ನಮ್ಮೊಂದಿಗಿದ್ದನೆಂದು ಆದಿಲ್ ರಶೀದ್ ಹೇಳಿದ್ದಾನೆ ಎಂದು ಮಾರ್ಗನ್ ನಕ್ಕರು. ನೋಡಲು ಮನಸ್ಸಿಗೆ ಹಿತವಾಗುವ ದೃಶ್ಯವದು. ಇದೇ ದೇಶದಲ್ಲಿ 1990ರಲ್ಲಿ ನಾರ್ಮನ್ ಟೆಬಿಟ್ ಎಂಬ ರಾಜಕಾರಣಿ, ಏಷ್ಯಾದಿಂದ ಬಂದವರು ಕ್ರಿಕೆಟ್ ಪಂದ್ಯದಲ್ಲಿ ಯಾವ ತಂಡಕ್ಕೆ ಚಪ್ಪಾಳೆ ತಟ್ಟುತ್ತಾರೆಂದು ನೋಡಿ ಅವರ ನಿಷ್ಠೆ ಅಳೆಯಬೇಕೆಂದಿದ್ದರು.

ಆದರೂ ಈ ಉಪಯೋಗದ ವಾದ ಕ್ರೈಸ್ತನಿಗೆ ಸಾಲದು ಎಂದೇ ನನ್ನ ಅಭಿಪ್ರಾಯ. ಸಾಲದು ಮಾತ್ರವಲ್ಲ, ಅಪಾಯಕಾರಿಯೂ ಹೌದು. ಉಪಯೋಗಕ್ಕಾಗಿ ಕರೆದವನನ್ನು ಉಪಯೋಗ ತೀರಿದ ಮೇಲೆ ಕಳಿಸಲೂಬಹುದು. ವಿಂಡ್‌ರಶ್ ಪೀಳಿಗೆಗೆ ಆದದ್ದು ಇದೇ. ತಂದೆತಾಯಿಯರ ಜೊತೆ ಮಕ್ಕಳಾಗಿ ಬಂದು, ಐವತ್ತು ವರ್ಷ ಅಲ್ಲೇ ದುಡಿದು ತೆರಿಗೆ ಕಟ್ಟಿದವರ ಬಳಿ ಸರಕಾರ ದಾಖಲೆ ಪತ್ರ ಕೇಳತೊಡಗಿತು. ಪತ್ರವಿಲ್ಲದವರು ಕೆಲಸ ಕಳೆದುಕೊಂಡರು, ಕೆಲವರನ್ನು ಬಂಧಿಸಿಟ್ಟರು, ಕೆಲವರನ್ನು ದೇಶದಿಂದಲೇ ಹೊರಹಾಕಿದರು. ನರ್ಸಾಗಿ ದುಡಿದ ತಾಯಿಯೊಬ್ಬಳ ಮಗನಿಗೆ ಕ್ಯಾನ್ಸರ್ ಬಂದಾಗ, ನಾಲ್ವತ್ತಕ್ಕೂ ಹೆಚ್ಚು ವರ್ಷ ಆ ದೇಶದಲ್ಲೇ ಬಾಳಿದ ಅವನನ್ನು ಚಿಕಿತ್ಸೆಗೆ ಮುಂಚೆ 54,000 ಪೌಂಡ್ ಕಟ್ಟುವಂತೆ ಕೇಳಲಾಯಿತು. 2018ರಲ್ಲಿ ಇದೆಲ್ಲ ಬಯಲಾಗಿ ಗೃಹಮಂತ್ರಿ ರಾಜೀನಾಮೆ ಕೊಡಬೇಕಾಯಿತು, ಸರಕಾರ ಕ್ಷಮೆ ಕೇಳಿತು.

ಮುಂದೆ 2020ರಲ್ಲಿ ಕೊರೋನ ಬಂತು. ಬ್ರಿಟನ್ನಿನಲ್ಲಿ ಆ ರೋಗಕ್ಕೆ ಮೊದಲು ಬಲಿಯಾದ ಹತ್ತು ವೈದ್ಯರೂ ಏಷ್ಯಾ, ಆಫ್ರಿಕ ಮೊದಲಾದ ಕಡೆಗಳ ಮೂಲದವರೇ. ಅಲ್ಲಿಯ ಪ್ರಧಾನಿ ತೀವ್ರ ನಿಗಾ ಘಟಕದಿಂದ ಬದುಕಿ ಬಂದು, ತನ್ನ ಬಳಿ ನಿಂತು ಕಾದ ಇಬ್ಬರು ನರ್ಸುಗಳನ್ನು ಹೆಸರು ಹಿಡಿದು ವಂದಿಸಿದರು. ಒಬ್ಬರು ನ್ಯೂಜಿಲೆಂಡಿನವರು, ಇನ್ನೊಬ್ಬರು ಪೋರ್ಚುಗಲ್ಲಿನವರು. ವಾರ ವಾರ ಜನ ಮನೆಬಾಗಿಲಲ್ಲಿ ನಿಂತು ಚಪ್ಪಾಳೆ ತಟ್ಟಿದರು. ಆ ದಿನಗಳಲ್ಲೂ ಹೊರದೇಶದಿಂದ ಬಂದ ನರ್ಸು, ತಾನು ದುಡಿಯುವ ಆಸ್ಪತ್ರೆಯ ಸೇವೆ ಪಡೆಯಲು ತೆರಿಗೆಯ ಮೇಲೆ ಇನ್ನೊಂದು ಶುಲ್ಕ ಕಟ್ಟಬೇಕಾಗಿತ್ತು. ಅದು ಅನ್ಯಾಯವೆಂಬ ಕೂಗು ಎದ್ದ ಮೇಲೆ ಮೇ ತಿಂಗಳಲ್ಲಿ ಆರೋಗ್ಯ ಸೇವೆಯವರಿಗೆ ವಿನಾಯಿತಿ ಬಂತು.

2024ರ ಮಾರ್ಚ್ 11ರ ನಿಯಮ ನಮ್ಮ ಕುಟುಂಬಗಳಿಗೆ ಇನ್ನಷ್ಟು ಹತ್ತಿರದ್ದು. ಅಂದಿನಿಂದ, ವೃದ್ಧರನ್ನೂ ಅಂಗವಿಕಲರನ್ನೂ ನೋಡಿಕೊಳ್ಳುವ ಕೆಲಸಕ್ಕೆ ಹೊಸದಾಗಿ ಬ್ರಿಟನ್ನಿಗೆ ಹೋಗುವವರು ಗಂಡನನ್ನಾಗಲಿ, ಹೆಂಡತಿಯನ್ನಾಗಲಿ, ಮಕ್ಕಳನ್ನಾಗಲಿ ಕರೆದುಕೊಂಡು ಹೋಗುವಂತಿಲ್ಲ ಎಂದಾಯಿತು. 2025ರ ಜುಲೈನಲ್ಲಿ ಈ ಕೆಲಸಕ್ಕೆ ಹೊರದೇಶಗಳಿಂದ ಹೊಸ ನೇಮಕವನ್ನೇ ನಿಲ್ಲಿಸಿದರು. ಬಾಗಿಲು ಮುಚ್ಚುವುದು ಒಂದು ದೇಶದ ಹಕ್ಕಿರಬಹುದು. ಆದರೆ ಬಾಗಿಲು ತೆರೆದು, ‘ನಿನ್ನ ಕೈಗಳು ಒಳಗೆ ಬರಲಿ, ನಿನ್ನ ಮಕ್ಕಳು ಹೊರಗಿರಲಿ’ ಎನ್ನುವುದು ಬೇರೆಯೇ ಒಂದು ತಪ್ಪು. ವಿವಾಹ ಸಂಸ್ಕಾರದಲ್ಲಿ ದೇವರು ಕೂಡಿಸಿದವರನ್ನು ವೀಸಾ ಬೇರ್ಪಡಿಸುತ್ತದೆ.

ಧರ್ಮಸಭೆ ಈ ವಿಷಯದಲ್ಲಿ ಬಹಳ ಹಿಂದೆಯೇ ಮಾತನಾಡಿದೆ. ಜಗದ್ಗುರು ಹನ್ನೆರಡನೆಯ ಪಿಯುಸ್ 1952ರಲ್ಲಿ ವಲಸಿಗರ ಪಾಲನೆಯ ಬಗ್ಗೆ ಹೊರಡಿಸಿದ ದಾಖಲೆಯಲ್ಲಿ, ಹೆರೋದನಿಗೆ ಹೆದರಿ ಈಜಿಪ್ಟಿಗೆ ಓಡಿದ ನಜರೇತಿನ ಪವಿತ್ರ ಕುಟುಂಬವನ್ನೇ ಎಲ್ಲ ವಲಸೆ ಕುಟುಂಬಗಳಿಗೂ ಮಾದರಿಯಾಗಿ ಇಟ್ಟರು. ಸಂತ ಜೋಸೆಫರ ಕೈಯಲ್ಲಿ ಯಾವ ಅನುಮತಿ ಪತ್ರವಿತ್ತು? ಈಜಿಪ್ಟಿನವರಿಗೆ ಆ ಬಡಗಿಯಿಂದ ಯಾವ ಪದಕ ಬರುವುದಿತ್ತು? ಸಂತ ಮತ್ತಾಯರ ಶುಭಸಂದೇಶದ ಇಪ್ಪತ್ತೈದನೆಯ ಅಧ್ಯಾಯದಲ್ಲಿ ಪ್ರಭು ಯೇಸು ತಮ್ಮನ್ನು ಯಾರೊಡನೆ ಸಮೀಕರಿಸಿಕೊಳ್ಳುತ್ತಾರೆ ಎಂದು ನೋಡಿ. ಹಸಿದವನು, ಬಾಯಾರಿದವನು, ಬಟ್ಟೆಯಿಲ್ಲದವನು, ರೋಗಿ, ಸೆರೆಯಾಳು, ಪರದೇಶಿ. ಈ ಆರು ಮಂದಿಯಲ್ಲಿ ಒಬ್ಬನಾದರೂ ನಮಗೆ ಏನನ್ನಾದರೂ ತಂದುಕೊಡುವ ಸ್ಥಿತಿಯಲ್ಲಿಲ್ಲ.

ಹಾಗೆಂದು ಧರ್ಮಸಭೆ ಗಡಿಗಳನ್ನೆಲ್ಲ ಕಿತ್ತುಹಾಕಿ ಎನ್ನುವುದಿಲ್ಲ. 1992ರಲ್ಲಿ ಪ್ರಕಟವಾದ ಕಥೋಲಿಕ ಧರ್ಮೋಪದೇಶ ಗ್ರಂಥದ 2241ನೇ ಸಂಖ್ಯೆಯಲ್ಲಿ ಇದು ಸ್ಪಷ್ಟವಿದೆ. ಅನುಕೂಲವಂತ ರಾಷ್ಟ್ರಗಳು ತಮ್ಮ ಶಕ್ತಿಗೆ ತಕ್ಕಂತೆ, ಬದುಕು ಹುಡುಕಿ ಬರುವವರನ್ನು ಬರಮಾಡಿಕೊಳ್ಳಬೇಕು. ಸಾರ್ವಜನಿಕ ಹಿತಕ್ಕಾಗಿ ಸರಕಾರಗಳು ಷರತ್ತು ವಿಧಿಸಬಹುದು. ಬಂದವರೂ ಆಶ್ರಯ ಕೊಟ್ಟ ನಾಡಿನ ಸಂಸ್ಕೃತಿಯನ್ನು ಕೃತಜ್ಞತೆಯಿಂದ ಗೌರವಿಸಬೇಕು, ಕಾನೂನು ಪಾಲಿಸಬೇಕು, ಹೊಣೆ ಹೊರಬೇಕು. ಈ ಕೊನೆಯ ಮಾತನ್ನು ನಾವು ಅನೇಕರು ಮರೆಯುತ್ತೇವೆ. ಇಪ್ಪತ್ತು ವರ್ಷ ಒಂದು ಊರಿನಲ್ಲಿದ್ದು ಅಲ್ಲಿಯ ಭಾಷೆಯ ನಾಲ್ಕು ಮಾತು ಕಲಿಯದವನ ಮೇಲೆ ಊರಿನವರು ಬೇಸರಪಟ್ಟರೆ ಅದನ್ನೆಲ್ಲ ದ್ವೇಷವೆಂದು ತಳ್ಳಿಹಾಕಬಾರದು. ಬೆಂಗಳೂರಿನ ಕನ್ನಡಿಗರಿಗೆ ಈ ಬೇಸರದ ಪರಿಚಯ ಚೆನ್ನಾಗಿಯೇ ಇದೆ.

‘ಹೊರಗಿನವರು ಬಂದರೆ ನಮ್ಮತನ ಕೆಡುತ್ತದೆ’ ಎಂಬ ಭಯಕ್ಕೆ ಏನು ಹೇಳೋಣ? ಈ ಭಯದ ಮಾತು ಒಂದು ಕಾಲದಲ್ಲಿ ನಮ್ಮ ಬಗ್ಗೆಯೇ, ಅಂದರೆ ಕಥೋಲಿಕರ ಬಗ್ಗೆಯೇ, ಕೇಳಿಬಂದಿತ್ತು. 1840ರ ದಶಕದಲ್ಲಿ ಐರ್ಲೆಂಡಿನಲ್ಲಿ ಆಲೂಗಡ್ಡೆ ಬೆಳೆ ಕೊಳೆತು ಘೋರ ಕ್ಷಾಮ ಬಂದಾಗ ಲಕ್ಷಾಂತರ ಜನ ದೇಶ ಬಿಟ್ಟರು. ಸ್ಕಾಟ್ಲೆಂಡಿನ ಗ್ಲಾಸ್ಗೊ ನಗರದ ಕೊಳೆಗೇರಿಗಳು ಅವರಿಂದ ತುಂಬಿದವು. 1887ರ ನವೆಂಬರಿನಲ್ಲಿ ಅಲ್ಲಿಯ ಸಂತ ಮರಿಯಮ್ಮನವರ ಧರ್ಮಕೇಂದ್ರದ ಸಭಾಂಗಣದಲ್ಲಿ, ಬ್ರದರ್ ವಾಲ್‌ಫ್ರಿಡ್ ಎಂಬ ಮಾರಿಸ್ಟ್ ಸಭೆಯ ಸಹೋದರರು ಹಸಿದ ಮಕ್ಕಳಿಗೆ ಊಟ ಹಾಕಲು ಹಣ ಕೂಡಿಸಬೇಕೆಂದು ಒಂದು ಫುಟ್ಬಾಲ್ ಕ್ಲಬ್ ಕಟ್ಟಿದರು. ಅದೇ ಸೆಲ್ಟಿಕ್. 1923ರಲ್ಲಿ ಸ್ಕಾಟ್ಲೆಂಡಿನ ಪ್ರೊಟೆಸ್ಟೆಂಟ್ ಸಭೆಯ ಮಹಾಸಭೆಯ ಮುಂದೆ ಒಂದು ವರದಿ ಬಂತು. ಐರಿಷ್ ಕಥೋಲಿಕರು ಸ್ಕಾಟಿಷ್ ರಾಷ್ಟ್ರೀಯತೆಗೆ ಒಂದು ಪಿಡುಗು ಎಂಬುದೇ ಅದರ ತಿರುಳು. 1967ರಲ್ಲಿ ಯುರೋಪಿಯನ್ ಕಪ್ ಗೆದ್ದ ಮೊಟ್ಟಮೊದಲ ಬ್ರಿಟಿಷ್ ತಂಡ ಯಾವುದು? ಅದೇ ಸೆಲ್ಟಿಕ್. ಹನ್ನೊಂದು ಆಟಗಾರರೂ ತಮ್ಮ ಮೈದಾನದಿಂದ ಮೂವತ್ತು ಮೈಲಿಯೊಳಗೆ ಹುಟ್ಟಿದವರು, ಮಾರ್ಗದರ್ಶಕ ಜಾಕ್ ಸ್ಟೀನ್ ಪ್ರೊಟೆಸ್ಟೆಂಟರು. 2002ರಲ್ಲಿ ಆ ಸಭೆ 1923ರ ವರದಿಗಾಗಿ ಬಹಿರಂಗವಾಗಿ ವಿಷಾದಿಸಿತು. ಎಪ್ಪತ್ತೊಂಬತ್ತು ವರ್ಷ ಹಿಡಿಯಿತು. ಆದರೂ ಅದನ್ನು ಮೆಚ್ಚಬೇಕು. ವಿಷಾದಿಸಲು ಎಪ್ಪತ್ತೊಂಬತ್ತು ವರ್ಷ ಸಾಲದವರೂ ಇದ್ದಾರೆ.

ನಮ್ಮ ಕರಾವಳಿಯ ಕೊಂಕಣಿ ಕಥೋಲಿಕರ ಪೂರ್ವಜರು ಗೋವೆಯಿಂದ ಬಂದವರು. ಕೆಳದಿಯ ಅರಸರು ಅವರಿಗೆ ಬೇಸಾಯಕ್ಕೆ ಭೂಮಿ ಕೊಟ್ಟು ನೆಲೆ ನಿಲ್ಲಿಸಿದರು. 1880ರಲ್ಲಿ ಕಂಕನಾಡಿಯಲ್ಲಿ ಬಡವರಿಗೆ ಔಷಧ ಕೊಡತೊಡಗಿದ ಫಾದರ್ ಮುಲ್ಲರ್ ಜರ್ಮನಿಯವರು. ಮಂಗಳೂರಿನ ಸಂತ ಅಲೋಶಿಯಸ್ ಕಾಲೇಜಿನ ಪ್ರಾರ್ಥನಾಲಯದ ಗೋಡೆಗಳನ್ನು ಚಿತ್ರಗಳಿಂದ ತುಂಬಿದ ಬ್ರದರ್ ಮೊಸ್ಕೇನಿ ಇಟಲಿಯವರು. ಕನ್ನಡ ಪದಗಳನ್ನು ಒಂದೊಂದಾಗಿ ಆಯ್ದು 1894ರಲ್ಲಿ ನಿಘಂಟು ಪ್ರಕಟಿಸಿದ ಕಿಟೆಲ್ ಕೂಡ ಜರ್ಮನಿಯವರೇ. ಇವರನ್ನೆಲ್ಲ ಕಳೆದರೆ ‘ನಮ್ಮತನ’ದಲ್ಲಿ ಎಷ್ಟು ಉಳಿಯುತ್ತದೋ ಲೆಕ್ಕ ಹಾಕುವುದು ಕಷ್ಟ.

ಕಳುಹಿಸಿಕೊಟ್ಟವರ ಕಡೆಗೂ ಒಂದು ನೋವಿದೆ. ನಮ್ಮ ಹೆಣ್ಣುಮಕ್ಕಳು ನರ್ಸಿಂಗ್ ಕಲಿತು ಕೊಲ್ಲಿ ದೇಶಗಳಿಗೆ, ಐರ್ಲೆಂಡಿಗೆ, ಇಂಗ್ಲೆಂಡಿಗೆ ಹೋದರು. ಅವರ ದುಡಿಮೆಯಿಂದ ತಮ್ಮಂದಿರ ಓದು, ತಂಗಿಯರ ಮದುವೆ, ಮನೆಯ ಸಾಲ ಎಲ್ಲ ತೀರಿತು. ಈಗ ಆ ದೊಡ್ಡ ಮನೆಗಳಲ್ಲಿ ಇಬ್ಬರು ವೃದ್ಧರು, ಒಂದು ನಾಯಿ. ಬರ್ಮಿಂಗ್‌ಹ್ಯಾಮಿನ ಅಜ್ಜನಿಗೆ ಸ್ನಾನ ಮಾಡಿಸುವ ಮಗಳು ತನ್ನ ಅಪ್ಪನ ಕೆಮ್ಮನ್ನು ಫೋನಿನಲ್ಲಿ ಕೇಳಿಸಿಕೊಳ್ಳುತ್ತಾಳೆ. ಬಡ ದೇಶಗಳ ಆಸ್ಪತ್ರೆಗಳನ್ನು ಬರಿದು ಮಾಡಿ ನರ್ಸುಗಳನ್ನು ಸೆಳೆಯಬಾರದೆಂದು ವಿಶ್ವ ಆರೋಗ್ಯ ಸಂಸ್ಥೆ 2010ರಲ್ಲಿ ಒಂದು ನೀತಿಸಂಹಿತೆ ಮಾಡಿತು. ಅದು ಕಾನೂನಲ್ಲ, ಕೇವಲ ಸಲಹೆ. ಹೋಗುವವರನ್ನು ದೂಷಿಸುವ ಹಕ್ಕು ಯಾರಿಗೂ ಇಲ್ಲ. ಆದರೆ ಅಪ್ಪನ ಮನೆಯಲ್ಲಿ ಅವಳ ಬದಲಿಗೆ ಈಗ ಯಾರು ನಿಂತಿದ್ದಾರೆ? ಹಲವೆಡೆ ಒಡಿಶಾದಿಂದಲೋ ಜಾರ್ಖಂಡಿನಿಂದಲೋ ಬಂದ ಒಬ್ಬ ಹುಡುಗಿ. ಅವಳೂ ತನ್ನ ಅಪ್ಪನನ್ನು ಬಿಟ್ಟೇ ಬಂದವಳು.

ಲಂಡನ್ ಒಲಿಂಪಿಕ್ಸ್‌ಗೆ ಇನ್ನೊಮ್ಮೆ ಹೋಗಬೇಕಾಗಿದೆ. 2012ರ ಆಗಸ್ಟ್ 8ರಂದು ಮಣಿಪುರದ ಮೇರಿ ಕೋಮ್, ಮಕ್ಕಳ ತಾಯಿ, ಬಾಕ್ಸಿಂಗ್‌ನಲ್ಲಿ ಭಾರತಕ್ಕೆ ಕಂಚಿನ ಪದಕ ಗೆದ್ದರು. ನಮ್ಮ ಮನೆಗಳಲ್ಲೆಲ್ಲ ಆಕೆ ‘ನಮ್ಮ ಮೇರಿ’ ಆದರು. ಒಂದು ವಾರ ಕಳೆಯಿತು. ಆಗಸ್ಟ್ 15ರ ರಾತ್ರಿ, ಸ್ವಾತಂತ್ರ್ಯ ದಿನದಂದೇ, ಈಶಾನ್ಯ ರಾಜ್ಯಗಳವರ ಮೇಲೆ ದಾಳಿ ನಡೆಯಲಿದೆ ಎಂಬ ಗಾಳಿಸುದ್ದಿ ಹಬ್ಬಿ ಬೆಂಗಳೂರು ರೈಲು ನಿಲ್ದಾಣ ತುಂಬಿಹೋಯಿತು. ಹೋಟೆಲುಗಳಲ್ಲಿ ಬಡಿಸುವವರು, ಕಟ್ಟಡಗಳ ಕಾವಲುಗಾರರು, ಬ್ಯೂಟಿ ಪಾರ್ಲರ್ ಹುಡುಗಿಯರು, ಕಾಲೇಜು ವಿದ್ಯಾರ್ಥಿಗಳು, ಸಾವಿರ ಸಾವಿರ ಜನ ಗುವಾಹಟಿಯ ವಿಶೇಷ ರೈಲುಗಳನ್ನು ಹತ್ತಿದರು. ಹೋಗಬೇಡಿ, ನಾವಿದ್ದೇವೆ ಎಂದು ಪೊಲೀಸರೂ ಮಂತ್ರಿಗಳೂ ನಿಲ್ದಾಣಕ್ಕೆ ಬಂದು ಬೇಡಿಕೊಂಡರು. ಒಂದು ಸುಳ್ಳು ಸುದ್ದಿಯನ್ನು ಅಷ್ಟು ಜನ ಅಷ್ಟು ಬೇಗ ನಂಬಿದ್ದೇಕೆ? ಅಲ್ಲಿಯವರೆಗೆ ಬೀದಿಯಲ್ಲಿ, ಬಸ್ಸಿನಲ್ಲಿ ಅವರು ತಮ್ಮ ಮುಖದ ಬಗ್ಗೆ ಕೇಳಿಸಿಕೊಂಡ ಮಾತುಗಳೇ ಆ ನಂಬಿಕೆಗೆ ಗೊಬ್ಬರ ಹಾಕಿದ್ದವು. ಅವರು ಭಾರತದ ಪ್ರಜೆಗಳು, ಅವರ ಕೈಯಲ್ಲಿ ಯಾವ ವೀಸಾವೂ ಬೇಕಿರಲಿಲ್ಲ, ಆದರೂ ಪರದೇಶಿಗಳಾಗಿದ್ದರು.

ಅವರಲ್ಲಿ ಅನೇಕರು ಮರಳಿ ಬಂದಿದ್ದಾರೆ, ಹೊಸಬರೂ ಬಂದಿದ್ದಾರೆ. ಭಾನುವಾರದ ಬಲಿಪೂಜೆಯಲ್ಲಿ ಕೊನೆಯ ಸಾಲಿನ ಬೆಂಚುಗಳನ್ನೂ ಬಾಗಿಲ ಬಳಿಯನ್ನೂ ಒಮ್ಮೆ ನೋಡಿ. ಜಾರ್ಖಂಡ್, ಒಡಿಶಾ, ಮಣಿಪುರಗಳ ಕಥೋಲಿಕ ಯುವಕ ಯುವತಿಯರು ಅಲ್ಲಿರುತ್ತಾರೆ. ಕನ್ನಡದ ಪ್ರಾರ್ಥನೆ ಅವರಿಗೆ ಅರ್ಥವಾಗುವುದಿಲ್ಲ, ಆದರೂ ಯಾವಾಗ ಮೊಣಕಾಲೂರಬೇಕೆಂದು ಅವರಿಗೆ ಗೊತ್ತು. ಪೂಜೆ ಮುಗಿದೊಡನೆ ನಾವು ನಮ್ಮವರನ್ನು ಮಾತನಾಡಿಸಿಕೊಂಡು ಅಂಗಳದಲ್ಲಿ ನಿಲ್ಲುತ್ತೇವೆ, ಅವರು ಗೇಟು ದಾಟಿ ಹೋಗಿಬಿಡುತ್ತಾರೆ. ಅವರ ಹೆಸರು ಯಾವ ವಾರ್ಡಿನ ಪಟ್ಟಿಯಲ್ಲಿದೆ? ಅವರಲ್ಲೊಬ್ಬ ಕಟ್ಟಡದಿಂದ ಬಿದ್ದು ಆಸ್ಪತ್ರೆ ಸೇರಿದರೆ ಪರಮಪ್ರಸಾದ ಕೊಂಡೊಯ್ಯಲು ಗುರುಗಳಿಗೆ ಸುದ್ದಿ ಮುಟ್ಟಿಸುವವರು ಯಾರು? ಪಾಲನಾ ಮಂಡಳಿಯ ಮುಂದಿನ ಸಭೆಯಲ್ಲಿ ಹಬ್ಬದ ಖರ್ಚುವೆಚ್ಚ ಮುಗಿದ ಮೇಲೆ ಹತ್ತು ನಿಮಿಷ ಉಳಿದರೆ ಈ ಪ್ರಶ್ನೆಯನ್ನು ಯಾರಾದರೂ ಎತ್ತಬಹುದು.